ಕೋಲಿಗಿ ಸುತ್ತಿದ ಕರಿ ದಾರ

…ಹಂಗ ಒಮ್ಮಿಂದೊಮ್ಮೆ ಹೆಸರು ಹೇಳಬ್ಯಾಡವ್ವಾ ಪಲ್ಲವಿ. ಗಾಳದ ಕೋಲು ಮುರದದ, ಖರೆ. ಯಾರು ಮುರದಾರ ಅನ್ನೂದು ಬ್ಯಾರೆ ಮಾತು. ತಮ್ಮ ತುಳದಾನ ಅಂತಿ. ತುಳಿಯೂದು ನೋಡೀ ಏನು? ನೋಡಿಲ್ಲ. ಅವನ ಕಾಲಿಗಿ ಕೆಸರಿತ್ತು, ಕೋಲಿಗೂ ಕೆಸರಿತ್ತು, ಅಷ್ಟೇ ನೋಡಿದಿ. ಹೊಳಿ ದಂಡ್ಯಾಗ ಕೆಸರು ಯಾರ ಕಾಲಿಗಿ ಇರೂದಿಲ್ಲ? ಕುಂದ್ರು ಇಲ್ಲಿ. ಬಸೂ, ನೀನೂ ಬಾ, ಮೂಗು ಒರಸ್ಕೋ. ನಿಮ್ಮಜ್ಜಿ ಒಳಗ ದೇವರ ಮುಂದ ದೀಪಾ ಹಚ್ಚಾಕತ್ತಾಳ, ಆಕಿ ಬರೂದ್ರಾಗ ನಾ ಒಂದು ಮಾತು ಹೇಳಿ ಮುಗಸ್ತೇನಿ. ಆಕಿ ಬಂದಳಂದ್ರ ನಡುವ ಬಾಯಿ ಹಾಕಿ ತಿದ್ದತಾಳ. ತಿದ್ದೂ ಹಕ್ಕು ಆಕಿಗಿ ಅದ, ಅದು ಇಲ್ಲಂತ ನಾ ಅನ್ನೂದಿಲ್ಲ. ಆದ್ರ ನನ್ನ ತಪ್ಪು ನನ್ನ ಬಾಯಿಲೇ ಬರಲಿ.

ನನ್ನ ಜೀವಮಾನದಾಗ ಗಾಳದ ಕೋಲು ಎಷ್ಟು ಮುರದೇನಿ ಅಂದ್ರ, ಇಪ್ಪತ್ತು ಅಂದ್ಕೊಳ್ರಿ, ಇಲ್ಲ, ಇಪ್ಪತ್ತರ ಮ್ಯಾಲೇ ಆಗ್ತಾವ. ಹತ್ತು ವರ್ಷದಂವ ಇದ್ದಾಗ ನಮ್ಮಪ್ಪನ ಕೋಲು ಮುರದೆ, ಅದೇ ಮೊದಲ್ನೇದು. ಬಂಡಿ ಹೊಂಟಿತ್ತು, ಗಾಲಿ ತಿರಗೂದ್ರಾಗ ಕೋಲು ತೂರಿದರ ಏನಾಗ್ತದ ನೋಡೂಣಂತ ತೂರಿದೆ. ಏನಾಗ್ತದ ಅನ್ನೂದು ಆಗೇಬಿಡ್ತು. ನಮ್ಮಪ್ಪ ಹೊಡೀಲಿಲ್ಲ, ಬೈಲಿಲ್ಲ, ಮುರಿದ ಎರಡು ತುಂಡು ನನ್ನ ಕೈಯಾಗ ಕೊಟ್ಟು ‘ಇವತ್ತಿನ ಪಲ್ಯಾ ಇದೇ’ ಅಂದ. ಅವತ್ತು ನಾವೆಲ್ಲಾ ರೊಟ್ಟಿಗಿ ಖಾರಾ ಹಚ್ಚಿ ತಿಂದಿವಿ. ನಮ್ಮ ಮನ್ಯಾಗ ಎರಡು ಎಕರೆ ಹೊಲಾ, ತೊಗರಿ ಬಂದರ ಬೇಳಿ, ಬರದಿದ್ರ ಮೀನ. ಕೋಲು ಅಂದ್ರ ಆಟದ ಸಾಮಾನ ಅಲ್ಲ, ಅಡಗಿ ಮನಿ ಸಾಮಾನ ಇದ್ದಂಗ. ಅದಾದಮ್ಯಾಲ ಒಂದು ಎಮ್ಮಿ ಕೊಂಬಿಗಿ ಸಿಕ್ಕು ಮುರೀತು. ಒಂದು ಹಾವಿಗಿ ಹೊಡ್ಯಾಕ ಹೋಗಿ ಕಲ್ಲಿಗಿ ಬಡದು ಮುರೀತು, ಹಾವು ಪಾರಾಗಿ ಹೋತು. ಒಂದು ನಿಮ್ಮಪ್ಪ ಹುಣಸಿಕಾಯಿ ಬಡ್ಯಾಕ ಒಯ್ದು ಮುರದ, ಮೂರು ದಿನಾ ಒಪ್ಕೊಳ್ಳಲಿಲ್ಲ. ಇವಕ್ಕೆಲ್ಲಾ ಕಾರಣ ಕಣ್ಣಿಗಿ ಕಾಣ್ತಿತ್ತು. ಗುಮಾನಿಗಿ ಜಾಗಾನೇ ಇದ್ದಿಲ್ಲ. ನಾ ಹೇಳೂದು ಕಾರಣ ಕಾಣಲಾರದಂಗ ಮುರಿದ ಕೋಲುಗಳ ಮಾತು.

ಈಗ ನಿಮಗ ಕಲಬುರಗಿ ಅಂಗಡ್ಯಾಗ ಕಾಗದ ಸುತ್ತಿ ಕೋಲು ಕೊಡ್ತಾರ, ಮಡಚೂದು, ಎಳಿಯೂದು. ಆವಾಗ ಹಂಗಿದ್ದಿಲ್ಲ. ನಮ್ಮ ಕಡಿ ಎರಿ ಹೊಲದಾಗ ಬಿದರು ಎಲ್ಲಿ ಬೆಳೀತದ? ಆಳಂದಕ ಹೋಗಬೇಕು. ಅಲ್ಲಿ ಬಜಾರದ ಹಿಂದ ಮ್ಯಾದಾರ ಮಂದಿ ಬುಟ್ಟಿ, ಮರಾ ಹೆಣೀತಿದ್ರು, ಅವರ ಹಂತ್ಯಾಕ ಲಾರಿಲೇ ಬಂದ ಬಿದರು ಇರ್ತಿತ್ತು. ಅದ್ರಾಗ ಒಳಗ ಟೊಳ್ಳು ಕಡಿಮಿ ಇದ್ದದ್ದು, ಗೆಣ್ಣು ದೂರ ದೂರ ಇದ್ದದ್ದು, ತುದಿ ಕಡಿ ಸಣ್ಣಾಗಿ ಬಂದದ್ದು ಆರಿಸಬೇಕು. ನಾ ಅರ್ಧಾ ದಿನಾ ಆರಸ್ತಿದ್ದೆ. ಕಣ್ಣಿಗಿ ಹಚ್ಚಿ ನೋಡೂದು, ಬಡದು ನೋಡೂದು, ಮೂಸಿ ನೋಡೂದು. ಯಾಕಂದ್ರ ಯಾವ ವ್ಯಾಪಾರಿನೂ ಒಳ್ಳೇದು ಮುಂದ ಇಡೂದಿಲ್ಲ ಅಂತ ನನಗ ಗುಮಾನಿ. ಆಮ್ಯಾಲ ಅದನ್ನ ಊರಿಗಿ ತರೂ ಗೋಳು. ಬಸ್ಸಿನ ಒಳಗ ಕಂಡಕ್ಟರ್ ಬಿಡ್ತಿದ್ದಿಲ್ಲ, ಟಪ್ಪಿನ ಮ್ಯಾಲ ಹಾಕು ಅಂತಿದ್ದ. ನಾ ಕೋಲಿನ ಜೋಡಿ ಟಪ್ಪಿನ ಮ್ಯಾಲೇ ಕುಂತು ಬಂದೇನಿ, ಮೆಣಸಿನಕಾಯಿ ಚೀಲದ ನಡುವ, ಅಫಜಲಪುರ ತನಕ ಸೀನಕೋತ. ಕೋಲು ಒಬ್ಬಂಟಿ ಬಿಟ್ಟರ ಯಾರರ ಬದಲ ಮಾಡ್ತಾರ ಅಂತ ಸಂಶೇ. ಯಾರು ಬದಲ ಮಾಡ್ತಾರ, ಎದಕ ಮಾಡ್ತಾರ ಅಂತ ಕೇಳಬ್ಯಾಡ್ರಿ. ನನಗೂ ಗೊತ್ತಿಲ್ಲ.

ಮನಿಗಿ ತಂದು ಕುಳ್ಳಿನ ಬೆಂಕ್ಯಾಗ ಸಾವಕಾಶ ಕಾಸಿ ನೆಟ್ಟಗ ಮಾಡೂದು. ಕುಸುಬಿ ಎಣ್ಣಿ ಉಜ್ಜೂದು. ಹದಿನೈದು ದಿನಾ ಅಟ್ಟದ ಮ್ಯಾಲ ಒಣಗಸೂದು. ಆಮ್ಯಾಲ ಹೊಸಾ ಕೋಲು ಹೊಳಿಗಿ ಒಯ್ದು, ಗಂಗವ್ವಗ ಕಾಯಿ ಒಡದು, ಹಿಡಿಯೂ ಜಾಗಾದ ಮ್ಯಾಲ ಒಂದು ಮೊಳ ಬಿಟ್ಟು, ಮೂರು ಬೆರಳಿಲೇ ಇಬತ್ತಿ, ಅದೇ ವಿಭೂತಿ, ಹಚ್ಚೂದು. ಇದು ನಮ್ಮಜ್ಜನ ಕಾಲದಿಂದ ಬಂದದ್ದು. ಸೋಮವಾರ ಗಾಳ ಹಾಕಬಾರದು, ಶ್ರಾವಣದಾಗ ಮೀನ ಮುಟ್ಟಬಾರದು, ಇಬತ್ತಿ ಹಚ್ಚಲಾರದ ಕೋಲು ನೀರಿಗಿ ಇಳಸಬಾರದು. ನಮ್ಮಪ್ಪ ಬೆರಳಿಲೇ ಹಚ್ಚತಿದ್ದ, ನೀರಾಗ ತೊಯ್ದು ಹೋಗ್ತಿತ್ತು, ಮರುದಿನಾ ಮತ್ತ ಹಚ್ಚತಿದ್ದ. ಅಷ್ಟಕ್ಕೇ ಬಿಟ್ಟಿದ್ರ ಈ ಕಥೀನೇ ಇರ್ತಿದ್ದಿಲ್ಲ.

ಒಂದು ಮಳಿಗಾಲದಾಗ, ಹೊಳಿ ಇಳದಿದ್ದಿಲ್ಲ, ನಾ ಮಡುವಿನ ಹಂತ್ಯಾಕ ಪಾಚಿ ಕಟ್ಟಿದ ಕಲ್ಲಿನ ಮ್ಯಾಲ ಕಾಲಿಟ್ಟೆ, ಜಾರಿದೆ, ನೀರು ಒಳಗ ಎಳ್ಕೊಂಡ್ತು. ಕೈಯಾಗಿನ ಕೋಲು ಎರಡು ಕಲ್ಲಿನ ನಡುವ ಅಡ್ಡ ಸಿಕ್ಕೊಂಡ್ತು ನೋಡ್ರಿ. ಅದನ್ನ ಹಿಡ್ಕೊಂಡೇ ಉಳದೆ. ಮುರೀಲಿಲ್ಲ ಅದು. ಬಿಲ್ಲಿನಂಗ ಬಾಗ್ತು, ಮುರೀಲಿಲ್ಲ. ದಂಡಿಗಿ ಬಂದು ನಡಗಕೋತ ಕುಂತಾಗ ನೋಡ್ತೇನಿ, ಮೂರು ಗೆರಿ ಇಬತ್ತಿ ನೀರಾಗ ಅಳಸಿ ಹೋಗಿತ್ತು. ನನಗ ಭಾಳ ಕೆಟ್ಟನಿಸ್ತು. ನನ್ನ ಜೀವಾ ಉಳಸಿದ ದೇವರ ಗುರುತು ಒಂದು ಮುಳಗಿಗಿ ಅಳಸಿ ಹೋಗೂದಂದ್ರ ಹ್ಯಾಂಗ? ಅವತ್ತು ಹರಕಿ ಹೊತ್ತೆ, ಇನ್ನ ಮ್ಯಾಲ ನನ್ನ ಕೋಲಿನ ಮ್ಯಾಲಿನ ಗುರುತು ಅಳೀಬಾರದು. ಮುಂದಿನ ಕೋಲಿಗಿ ಚಾಕು ಬೆಂಕ್ಯಾಗ ಕಾಸಿ, ಸುತ್ತೂ ಕಡಿ, ಬಳಿ ತೊಡಿಸಿದಂಗ, ಮೂರು ಗೆರಿ ಕೊರದೆ. ಆಳ ಕೊರದೆ. ಇಬತ್ತಿ ಎಣ್ಯಾಗ ಕಲಸಿ ಅದ್ರಾಗ ತುಂಬಿದೆ. ನೋಡಾಕ ಭಾಳ ಚಂದ ಕಾಣ್ತು. ನೀರಾಗ ಅದ್ದಿದೆ, ಅಳೀಲಿಲ್ಲ. ಊರ ಮಂದಿ ನೋಡಿ, ನಿನ್ನಂಥಾ ಭಕ್ತಿ ಯಾರಿಗೂ ಇಲ್ಲ ಅಂದ್ರು. ಅವರು ಅಂದದ್ದು ನನಗ ಹಿತಾನೂ ಅನಿಸ್ತು, ಅದನ್ನೂ ಹೇಳಬೇಕು.

ಆ ಕೋಲು ಮೊದಲ್ನೇ ದೊಡ್ಡ ಮೀನಿಗೇ ಮುರೀತು.

ಎಲ್ಲಿ ಮುರೀತು? ಆ ಮೂರು ಗೆರಿ ಮ್ಯಾಲೇ. ಈಗ ನೀವು ನಗ್ತೀರಿ, ನಗ್ರಿ. ಆದ್ರ ನನ್ನ ತಲಿ ಹ್ಯಾಂಗ ಓಡ್ತು ಕೇಳ್ರಿ. ಬ್ಯಾರೆ ಎಲ್ಲರ ಮುರದಿದ್ರ ಬಿದರು ಕೆಟ್ಟದ್ದು ಅಂತಿದ್ದೆ. ದೇವರ ಗುರುತಿನ ಮ್ಯಾಲೇ ಮುರೀತಲ್ಲ, ಹಂಗಾದ್ರ ಯಾರೋ ದೇವರ ಗುರುತಿಗೇ ಗುರಿ ಇಟ್ಟು ಮಾಡ್ಯಾರ ಅಂದ್ಕೊಂಡೆ. ಇನ್ನೊಂದು ಮಾಡಿದೆ, ಗೆರಿ ಇನ್ನೂ ಆಳ ಕೊರದೆ. ಅದೂ ಅಲ್ಲೇ ಮುರೀತು. ಮತ್ತೊಂದು, ಅದೂ ಅಲ್ಲೇ. ಮುರಿದ ತುಂಡು ಒಲಿಗಿ ಹಾಕಂಗಿಲ್ಲ, ದೇವರ ಗುರುತು ಅದ ಅದರ ಮ್ಯಾಲ. ಅಟ್ಟಕ್ಕ ಏರಸ್ತಿದ್ದೆ. ಅಟ್ಟ ತುಂಬಾಕತ್ತು. ನನ್ನ ತಲಿನೂ ತುಂಬಾಕತ್ತು.

ಬಾಜೂ ಮನಿ ಗುರಪ್ಪ ದಿನಾ ಸಂಜಿಕ ‘ಇವತ್ತು ಎಷ್ಟು ಸಿಕ್ಕಾವಪ್ಪಾ’ ಅಂತ ಕೇಳ್ತಿದ್ದ. ಮೊದಲ ಅದು ಬರೇ ಮಾತಿತ್ತು. ಈಗ ಅವನ ದೃಷ್ಟಿ ಅಂತ ಗುಮಾನಿ ಹಿಡೀತು. ಅವ ಕಟ್ಟಿ ಮ್ಯಾಲ ಇದ್ದನಂದ್ರ ನಾ ಹಿತ್ತಲದಿಂದ ಹೊಳಿಗಿ ಹೋಗೂದು ಸುರು ಮಾಡಿದೆ, ಕೋಲು ಜ್ವಾಳದ ದಂಟಿನ ಹೊರಿಯಾಗ ಮುಚ್ಚಿ. ಅಫಜಲಪುರ ಬಜಾರದಾಗ ಗಾಳ, ದಾರ ಮಾರೂ ಮಹೆಬೂಬಸಾಬ ಇದ್ದ, ಭಾಳ ಶಾಂತ ಮನುಷ್ಯ. ಅವನ ಅಂಗಡಿಗಿ ಹೋಗಿ, ನೀ ಕೊಟ್ಟ ದಾರ ಹರಿಯೂದಿಲ್ಲ, ಅದಕ್ಕ ನನ್ನ ಕೋಲು ಮುರಿತಾವ, ಬೇಕಂತೇ ಕೊಟ್ಟಿ ಅಂದೆ. ಅವ ತಕ್ಕಡಿ ಕೆಳಗಿಟ್ಟು ನನ್ನ ಮಾರಿ ನೋಡಿದ. ‘ದಾರ ಗಟ್ಟಿ ಅದ ಅಂತ ತಕರಾರ ತಂದ ಗಿರಾಕಿ ನೀನೇ ಮೊದಲ್ನೇವ ನೋಡು’ ಅಂದ, ಚಹಾ ತರಿಸಿದ. ಆ ಚಹಾನೂ ನಾ ಮೂಸಿ ನೋಡಿ ಕುಡದೆ.

ಇನ್ನ ಮಲ್ಕಪ್ಪನ ಮಾತಿಗಿ ಬರ್ತೇನಿ. ಮಲ್ಕಪ್ಪ ಅಂದ್ರ ನಿಮ್ಮಜ್ಜಿ ಖಾಸ ತಮ್ಮ, ಜೇವರ್ಗಿ ತಾಲೂಕ ಕೊಳಕೂರದಂವ. ನಿಮ್ಮಜ್ಜಿಗಿ ತವರಿನಾಗ ಅವ ಒಬ್ಬನೇ. ಪಂಚಮಿ ಹಬ್ಬ ನಾಕು ದಿನಾ ಅದ ಅನ್ನೂದ್ರಾಗ ಅಕ್ಕನ್ನ ಕರಿಯಾಕ ಬರ್ತಿದ್ದ. ಶೇಂಗಾ ಉಂಡಿ, ಅಳ್ಳು, ಒಂದು ಕುಬಸದ ಅರಿವಿ ತಗೊಂಡು. ನಿಮ್ಮಜ್ಜಿ ಆ ನಾಕು ದಿನಾ ಮನ್ಯಾಗ ಇದ್ದೂ ಇರ್ತಿದ್ದಿಲ್ಲ. ರೊಟ್ಟಿ ಬಡಿಯೂದು ಇಲ್ಲಿ, ಕಿವಿ ಬಸ್ಸಿನ ಕಡಿ. ಮತ್ತ ದೀಪಾವಳಿ ಆದಮ್ಯಾಲ, ಹೊಳಿ ಇಳದು ನೀರು ತಿಳಿ ಆದಾಗ, ಅವ ಇನ್ನೊಮ್ಮೆ ಬರ್ತಿದ್ದ, ನನ್ನ ಜೋಡಿ ಗಾಳ ಹಾಕಾಕ. ಎಂಟು ದಿನಾ ಇರ್ತಿದ್ದ. ಕೈ ಭಾಳ ಚೊಲೋ ಇತ್ತು ಅವನ್ದು. ಮಾತು ಕಡಿಮಿ. ನಾ ನೂರು ಮಾತು ಆಡಿದ್ರ ಅವ ಒಂದು ಆಡ್ತಿದ್ದ, ಆ ಒಂದೂ ಮೀನದ ಮ್ಯಾಲ ಇರ್ತಿತ್ತು.

ಒಂದು ಸರ್ತಿ ಬಂದಂವ ನನ್ನ ಕೋಲು ಕೈಯಾಗ ತಗೊಂಡು, ಆ ಗೆರಿ ಮ್ಯಾಲ ಉಗರು ಆಡಿಸಿ ನೋಡಿ ಹೇಳಿದ, “ಮಾವಾ, ಇಬತ್ತಿ ಹಚ್ಚು. ಕೊರೀಬ್ಯಾಡ.”

ಅಷ್ಟೇ ಅಂದ. ನೀವಾಗಿದ್ರ ಏನು ತಿಳ್ಕೊತಿದ್ರಿ? ಬುದ್ಧಿ ಇದ್ದಂವ ಆಗಿದ್ರ, ಯಾಕಪ್ಪಾ ಅಂತ ಕೇಳ್ತಿದ್ದ. ನಾ ಕೇಳಲಿಲ್ಲ. ಹರಕಿ ಹೊತ್ತು ಕೊರದ ದೇವರ ಗುರುತಿಗಿ ಬ್ಯಾಡ ಅಂತಾನಲ್ಲ ಅಂತ ಮೊದಲ ಸಿಟ್ಟು ಬಂತು. ಆಮ್ಯಾಲ ರಾತ್ರಿ ಮಕ್ಕೊಂಡಾಗ ಇನ್ನೊಂದು ವಿಚಾರ ಬಂತು. ಇಷ್ಟು ಕೋಲು ಅಲ್ಲೇ ಮುರಿದದ್ದು ನಾ ಅವಗ ಹೇಳಿಲ್ಲ. ಅಟ್ಟದ ಮ್ಯಾಲ ಅವ ಏರಿಲ್ಲ. ಹಂಗಾದ್ರ ಎಲ್ಲಿ ಮುರಿತದ ಅನ್ನೂದು ಇವಗ ಹ್ಯಾಂಗ ಗೊತ್ತಾತು? ಮಾಡಿದವಗೇ ಗೊತ್ತಿರ್ತದ. ಈ ಮಾತು ನನಗ ಅವತ್ತು ಭಾಳ ಶ್ಯಾಣೇತನದ ಮಾತು ಅನಿಸ್ತು.

ಮರು ವರ್ಷ ದೀಪಾವಳಿ ಆದಮ್ಯಾಲ ಅವ ಬಂದ. ಇನ್ನೂ ಹೊತ್ತು ಮುಳಗಿದ್ದಿಲ್ಲ, ನಾ ಎರಿಹುಳಾ ಅಗದು ತರಾಕ ಕಾಲಿವಿ ಕಡಿ ಹೋಗಿದ್ದೆ. ಬಂದು ನೋಡ್ತೇನಿ, ಮಲ್ಕಪ್ಪ ಪಡಸಾಲ್ಯಾಗ ಒಬ್ಬನೇ ಕುಂತಾನ, ನನ್ನ ಕೋಲು ಅವನ ತೊಡಿ ಮ್ಯಾಲ ಅದ, ಹಂತ್ಯಾಕ ಚಾಕು. ನಾ ಬಂದದ್ದು ನೋಡಿ ಕೋಲು ಗ್ವಾಡಿಗಿ ಆನಸಿ ಎದ್ದ, ಕೈ ತೊಳಿಯಾಕ ಹೋದ. ನಾ ಕೋಲು ಬೆಳಕಿಗಿ ಹಿಡದೆ. ದೇವರ ಗುರುತು ಕಾಣವಲ್ದು. ಆ ಮೂರೂ ಗೆರಿ ಮುಚ್ಚಿ ಅದರ ಮ್ಯಾಲ ಕರಿ ದಾರ ಸುತ್ಯಾನ. ಒತ್ತೊತ್ತಾಗಿ ಸುತ್ತಿ, ಏನೋ ಜಿಗಟು ಬಳದಾನ, ವಾಸನಿ ಬರ್ತಿತ್ತು.

ಕರಿ ದಾರ. ದೇವರ ಗುರುತಿನ ಮ್ಯಾಲ ಕರಿ ದಾರ.  ಇದು ಮಾಟ ಅಲ್ಲದ ಇನ್ನೇನು? ಕೋಲು ಹಿಡ್ಕೊಂಡು ಸೀದಾ ಅಡಗಿ ಮನಿಗಿ ಹೋದೆ. ನಿಮ್ಮಜ್ಜಿ ಒಲಿ ಮುಂದ ರೊಟ್ಟಿ ಬಡ್ಯಾಕತ್ತಿದ್ದಳು. ತೋರಿಸಿದೆ. ಆಕಿ ರೊಟ್ಟಿ ಮ್ಯಾಲಿಂದ ಕೈ ತಗೀಲಾರದ ಹೇಳಿದಳು, “ಗಟ್ಟಿ ಆಗಲಂತ ಸುತ್ಯಾನರಿ. ಹಂಗೇ ಇರಲಿ ಬಿಡ್ರಿ.”

ನಾ ಆಕಿ ಮಾರಿ ನೋಡಿದೆ. ತಮ್ಮನ ಕಡಿಗಿ ಮಾತಾಡ್ತಾಳ, ಅಕ್ಕ ತಮ್ಮ ಕೂಡೇ ಮಾಡ್ಯಾರ ಅಂತ ಅನಿಸ್ತು. ಸುಳ್ಳು ಹೇಳೂದಿಲ್ಲ, ಹಂಗೇ ಅನಿಸ್ತು. ಅವತ್ತು ನಾ ಊಟಾ ಮಾಡಲಿಲ್ಲ. ಹಿತ್ತಲದಾಗ ನಿಂತು ಆ ದಾರ ಪೂರ್ತಿ ಕೊಯ್ದು ಬಿಚ್ಚಿದೆ, ಒಂದು ಎಳಿ ಉಳೀಲಾರದಂಗ. ಒಲ್ಯಾಗ ಹಾಕಿ ಸುಟ್ಟೆ, ಕೋಲು ತೊಳದೆ, ಗೆರ್ಯಾಗ ಹೊಸಾ ಇಬತ್ತಿ ತುಂಬಿದೆ. ಮನಸ್ಸು ಹಗರಾತು.

ಮುಂಜಾನಿ ಇಬ್ಬರೂ ಹೊಳಿಗಿ ಹೋದಿವಿ. ಮಲ್ಕಪ್ಪ ಕೋಲು ನೋಡಿದ, ದಾರ ಇಲ್ಲದ್ದು ನೋಡಿದ, ತನ್ನ ಗಾಳಕ್ಕ ಹುಳಾ ಚುಚ್ಚಾಕತ್ತ. ದಂಡಿ ಮ್ಯಾಲ ಇನ್ನೂ ಏಳು ಮಂದಿ ಇದ್ರು, ನಮ್ಮೂರವರೇ, ಗುರಪ್ಪನೂ ಇದ್ದ. ಬಿಸಲು ಏರೂದ್ರಾಗ ನನ್ನ ಗಾಳಕ್ಕ ಒಂದು ಬಾಳಿ ಮೀನ ಬಿತ್ತು ನೋಡ್ರಿ. ಬಾಳಿ ಮೀನ ಅಂದ್ರ ಉದ್ದ, ಬಾಯಾಗ ಹಲ್ಲು, ನೀರಾಗ ಎಳೀತು ಅಂದ್ರ ಎಮ್ಮಿ ಎಳದಂಗ. ಒಮ್ಮೆ ಮ್ಯಾಲ ಎದ್ದು ಬಗಲು ತೋರಿಸ್ತು, ಬೆಳ್ಳಿ ತಾಟು ಹೊಳದಂಗ. ಅಂಥಾ ಮೀನ ನಾ ಆಮ್ಯಾಲ ನೋಡೇ ಇಲ್ಲ. ಎಲ್ಲರೂ ಎದ್ದು ನಿಂತ್ರು. ನಾ ಕೋಲು ಎತ್ತಿದೆ. ಕಟಕ್ ಅಂತು.

ತುದಿ ಕಡಿ ತುಂಡು ನೀರಿನ ಮ್ಯಾಲ ಓಡಿ ಹೋತು, ಮೀನ ಎಳ್ಕೊಂಡು ಹೊಂಟ್ತು. ನನ್ನ ಕೈಯಾಗ ಗೆರಿ ತನಕದ ಬುಡ ಉಳೀತು. ನಾ ತಿರುಗಿ ಮಲ್ಕಪ್ಪಗ ಅನಬಾರದ್ದು ಅಂದೆ. ಏಳು ಮಂದಿ ಮುಂದ, ನಿನ್ನೆ ಕೋಲಿಗಿ ಕರಿ ದಾರ ಸುತ್ತಿ ಮಾಟ ಮಾಡಿದಿ, ಇಷ್ಟು ವರ್ಷ ನನ್ನ ಮನಿ ಅನ್ನ ಉಂಡು ನನ್ನ ಅನ್ನಕ್ಕ ಕಲ್ಲ ಹಾಕಿದಿ ಅಂದೆ. ಮಾಡಿಲ್ಲ ಅಂದ್ರ ಹೊಳಿ ನೀರು ಬೊಗಸ್ಯಾಗ ತಗೊಂಡು ಗಂಗವ್ವನ ಆಣಿ ಮಾಡು ಅಂದೆ.

ಅವ ಬಗ್ಗಿ ಬೊಗಸಿ ತುಂಬ ನೀರು ತಗೊಂಡ. ಎಲ್ಲರೂ ಅವನ ಬಾಯಿ ನೋಡಾಕತ್ರು. ಅವ ಆ ನೀರು ಕುಡದ. ಕುಡದು, ಬಾಯಿ ಒರಸ್ಕೊಂಡು, ಮೆಲ್ಲಕ ಹೇಳಿದ, “ನೀರು ನೀರಡಿಕಿಗಿ ತಗೋತೇನಿ ಮಾವಾ. ನಿನ್ನ ಗುಮಾನಿಗಿ ಅಲ್ಲ.”

ಅವ ಮನಿಗೂ ಬರಲಿಲ್ಲ. ಹೊಳಿ ದಂಡಿಂದ ಸೀದಾ ಬಸ್ಸಿನ ಹಾದಿ ಹಿಡದ. ಅವನ ಚೀಲ ನಮ್ಮ ಗೂಟಕ್ಕೇ ನೇತಾಡ್ತಿತ್ತು, ಅದ್ರಾಗ ಅವನ ಟವಲ್ಲು, ಒಂದು ಅಂಗಿ. ಆಣಿ ಮಾಡಲಿಲ್ಲ ಅಂದಮ್ಯಾಲ ತಪ್ಪು ಒಪ್ಪಿದಂಗೇ ಅಂತ ಏಳು ಮಂದಿನೂ ಅಂದ್ರು. ನನಗ ಅದು ಬೇಕಾಗಿತ್ತು, ಸಿಕ್ತು.

ಮುಂದಿನ ಪಂಚಮಿಗಿ ಅವ ಬರಲಿಲ್ಲ. ಬರಾಂಗಿಲ್ಲ ಅಂತ ನಮಗ ಗೊತ್ತೇ ಇತ್ತು, ಆದ್ರೂ ನಿಮ್ಮಜ್ಜಿ ಅಂಗಳಾ ಸಾರಿಸಿದಳು. ಬಸ್ಸು ಬಂದಾಗೊಮ್ಮೆ ಹೊರಗ ಬಂದು ಕಸಾ ಚೆಲ್ಲಿ ಹೋಗ್ತಿದ್ದಳು. ಅಷ್ಟು ಕಸಾ ನಮ್ಮ ಮನ್ಯಾಗ ಎಲ್ಲಿತ್ತು? ನಾ ಒಮ್ಮೆ ಅಂದೆ, ನೀನೇ ಹೋಗಿ ಬಾ, ನಾ ಬ್ಯಾಡ ಅನ್ನೂದಿಲ್ಲ. ಕರೀಲಾರದ ತವರಿಗಿ ಹೋಗಾಕ ನನಗ ಕಾಲಿಲ್ಲರಿ ಅಂದಳು. ಹಂಗ ಒಂಬತ್ತು ಪಂಚಮಿ ಹೋದವು. ಓಣ್ಯಾಗಿನ ಹೆಣ್ಮಕ್ಕಳೆಲ್ಲಾ ತವರಿಗಿ ಹೋಗಿ ಬಳಿ ಇಟ್ಕೊಂಡು ಬರೂರು, ಇಕಿ ಇಲ್ಲೇ ಹುತ್ತಿಗಿ ಹಾಲು ಹಾಕಿ ಬರೂಕಿ. ಜಗಳಾ ಮಾಡಲಿಲ್ಲ, ಅಳಲಿಲ್ಲ. ನನಗ ರೊಟ್ಟಿ ಕಡಿಮಿ ಮಾಡಲಿಲ್ಲ. ಅದಕ್ಕೂ ನನಗ ಗುಮಾನಿ, ಇಕಿ ಇಷ್ಟು ಸುಮ್ಮನ ಯಾಕ ಅದಾಳ ಅಂತ.

ಮಲ್ಕಪ್ಪ ಬರೂದು ಬಿಟ್ಟಮ್ಯಾಲ ಕೋಲು ಮುರಿಯೂದು ನಿಂದ್ರಬೇಕಿತ್ತಲ್ಲ? ನಿಂದರಲಿಲ್ಲ. ಒಂದಾದಮ್ಯಾಲ ಒಂದು, ಅದೇ ಜಾಗಾದಾಗ. ಆವಾಗರ ನನಗ ತಿಳೀಬೇಕಿತ್ತು. ನಾ ಏನು ತಿಳ್ಕೊಂಡೆ? ಈಗ ದೂರಿಂದ ಮಾಡಾಕತ್ತಾನ ಅಂತ ತಿಳ್ಕೊಂಡೆ. ಗುಮಾನಿ ಹಂಗೇ ಇರ್ತದವ್ವಾ. ಹೌದಂದ್ರೂ ಬೆಳೀತದ, ಅಲ್ಲಂದ್ರೂ ಬೆಳೀತದ.

ಒಂಬತ್ತನೇ ವರ್ಷ, ಪಂಚಮಿ ಆಗಿ ಹೋಗಿತ್ತು. ಅಲ್ಲ, ಅದೂ ಆಗಿ ದಸರಾನೂ ಆಗಿತ್ತು. ಮುರಿದ ಎರಡು ತುಂಡು ಬಗಲಾಗ ಹಿಡ್ಕೊಂಡು ನಾ ಆಳಂದಕ ಹೋದೆ, ಬಿದರು ಕೊಟ್ಟ ಮ್ಯಾದಾರ ಮುದುಕಿ ಜೋಡಿ ಜಗಳಾ ತಗಿಯಾಕ. ಇಷ್ಟು ದಿನಾ ಅವರಿವರ ಮ್ಯಾಲ ಹಾಕಿದ್ದೆ, ಮುದುಕಿನೂ ಪಾಲಿನಾಗ ಇರಬಹುದು ಅಂತ ಗುಮಾನಿ. ಆಕಿ ಬಜಾರದ ಹಿಂದ ಬೇವಿನ ಗಿಡದ ಬುಡಕ ಕುಂತು ಬುಟ್ಟಿ ಹೆಣ್ಯಾಕತ್ತಿದ್ದಳು. ನನ್ನ ನೋಡಿದಾಕಿನೇ, ಮತ್ತ ಬಂದೇನು, ಕೋಲು ಏನು ತಿಂತೀ ಏನಪ್ಪಾ ಅಂದಳು. ನಾ ತುಂಡು ಆಕಿ ಮುಂದ ಒಗದೆ. ಆಕಿ ಎತ್ತಿ ನೋಡಿದಳು. ಬುಡ ನೋಡಿದಳು, ತುದಿ ನೋಡಿದಳು, ಗೆರಿ ಮ್ಯಾಲ ಬೆರಳು ಇಟ್ಟಳು.

“ಇದು ಕೊರದವರು ಯಾರು?”

ನಾನೇ ಅಂದೆ. ದೇವರ ಗುರುತು ಅಂದೆ, ದೊಡ್ಡದಾಗೇ ಅಂದೆ.

ಆಕಿ ಹಂತ್ಯಾಗಿನ ಒಂದು ಹಸಿ ಬಿದರು ತಗೊಂಡಳು. ಮೊದಲ ನನ್ನ ಕೈಯಾಗ ಕೊಟ್ಟು ಮುರಿ ಅಂದಳು. ಮೊಣಕಾಲಿಗಿ ಹಚ್ಚಿ ಜಗ್ಗಿದೆ, ಮುರೀಲಿಲ್ಲ, ಬಾಗ್ತು. ಆಕಿ ಇಸಗೊಂಡು ಚಾಕುಲೇ ಸುತ್ತ ಒಂದು ಗೆರಿ ಎಳದಳು, ಒಂದೇ ಗೆರಿ, ನನ್ನಷ್ಟು ಆಳನೂ ಅಲ್ಲ. ಆಮ್ಯಾಲ ತನ್ನ ಆ ಮುದಿ ಮೊಣಕಾಲಿಗಿ ಹಚ್ಚಿ ಹಿಂಗಂದಳು. ಕಬ್ಬು ಮುರದಂಗ ಎರಡಾತು. ಬಿದರಿನ ಬಲಾ ಎಲ್ಲಾ ಸಿಪ್ಪ್ಯಾಗ ಇರ್ತದಪ್ಪಾ ಅಂದಳು, ನಾವು ತುಂಡು ಮಾಡಬೇಕಾದ್ರ ಹಿಂಗೇ ಕೊರಿತೀವಿ. ಇಷ್ಟು ಹೇಳಿ ಬುಟ್ಟಿ ಮತ್ತ ತೊಡಿಗಿ ಎಳಕೊಂಡಳು. ನಾ ಅಲ್ಲೇ ನಿಂತಿದ್ದೆ. ಆಕಿಗಿ ಏನನಿಸ್ತೋ, ಸಮಾಧಾನ ಮಾಡೂರಂಗ ಇನ್ನೊಂದು ಮಾತು ಹೇಳಿದಳು. ಕೊರದದ್ದು ಕೊರದಾಯ್ತಂದ್ರ ಅದಕ್ಕೂ ಇಲಾಜ ಅದ, ಆ ಜಾಗಾಕ ದಾರ ಒತ್ತೊತ್ತಾಗಿ ಬಿಗದು ಸುತ್ತಿ ಮ್ಯಾಲ ರಾಳ ಕಾಸಿ ಬಳೀಬೇಕು, ಬಲ್ಲವರು ಹಂಗ ಮಾಡ್ತಾರ ಅಂದಳು.

ದಾರ ಯಾವ ಬಣ್ಣದ್ದು ಅಂತ ಕೇಳಿದೆ ನಾ. ಎಂಥಾ ಹುಚ್ಚ ನೋಡ್ರಿ. ಕರೀದೇ ಚೊಲೋ, ಹೊಲಸು ಕಾಣೂದಿಲ್ಲ ಅಂದಳು.

 ಅವತ್ತು ಬಿದರು ಕೊಳ್ಳಲಿಲ್ಲ. ಮನಿಗೂ ಬರಲಿಲ್ಲ. ಕಲಬುರಗಿಗಿ ಬಂದು, ಅಲ್ಲಿಂದ ಜೇವರ್ಗಿ, ಅಲ್ಲಿಂದ ಕೊಳಕೂರ. ಬಸ್ಸಿನಾಗ ಕುಂತು ಹಾದಿ ತುಂಬ ಏನು ಹೇಳಬೇಕಂತ ಮಾತು ಜೋಡಸ್ಕೊಂಡೆ. ಮಲ್ಕಪ್ಪ ಅಂಗಳದಾಗ ತೊಗರಿ ಕಟಗಿ ಒಟ್ಟಾಕತ್ತಿದ್ದ, ಕೂದಲಾ ಬೆಳ್ಳಗಾಗಿದ್ವು. ನನ್ನ ನೋಡಿ ಒಳಗ ಹೋದ. ಕದಾ ಹಾಕ್ಕೊತಾನ ಅಂದ್ಕೊಂಡೆ. ಅವ ತಂಬಗಿ ನೀರು ತಂದು ಕಾಲಿಗಿ ಕೊಟ್ಟ. ಹೆಂಡ್ತಿಗಿ ಹೇಳಿ ರೊಟ್ಟಿ, ಪುಂಡಿಪಲ್ಯಾ ಹಾಕಿಸಿದ. ನಾ ಬಾಯಿ ತಗಿಯಾಕ ಹೋದ್ರ ಉಣ್ಣು ಅಂತ ಕೈ ಮಾಡಿದ. ಆ ರೊಟ್ಟಿ ನಾ ಮೂಸಿ ನೋಡಲಿಲ್ಲ. ಕೈ ತೊಳದಮ್ಯಾಲ ಎಲ್ಲಾ ಹೇಳಿದೆ, ಆಳಂದ, ಮುದುಕಿ, ಗೆರಿ, ದಾರ. ತಪ್ಪಾತು ಮಲ್ಕಪ್ಪ ಅಂದೆ.

ಅವ ನಾ ಉಂಡ ತಾಟು ಎತ್ತಿ ಬಾಜೂಕ ಇಟ್ಟ. ಆಮ್ಯಾಲ ಹೇಳಿದ, “ನನಗ ಯಾಕ ಹೇಳ್ತಿ ಮಾವಾ? ನಾ ಮಾಡಿಲ್ಲ ಅಂತ ನನಗ ಮೊದಲೇ ಗೊತ್ತದ. ಗೊತ್ತಿಲ್ಲದವರಿಗಿ ಹೇಳು.”

ಏಳು ಮಂದಿ. ಮುಂದಿನ ಪಂಚಮಿ ತನಕ ನನಗ ಅದೇ ಕೆಲಸಾತು. ಮುಂಜಾನಿ ಜಳಕಾ ಮಾಡಿ, ಇಬತ್ತಿ ಹಚ್ಕೊಂಡು, ಒಂದೊಂದು ಮನಿಗಿ ಹೋಗೂದು. ಮೊದಲ ಗುರಪ್ಪನ ಮನಿಗಿ ಹೋದೆ, ಅವ ಯಾವ ಮಲ್ಕಪ್ಪ ಅಂದ. ಅಂವಗ ನೆನಪೇ ಇಲ್ಲ. ನಾ ಮೊದಲ ಪೂರಾ ಆರೋಪ ಮತ್ತೊಮ್ಮೆ ಹೇಳಬೇಕಾತು, ಆಮ್ಯಾಲ ಅದು ಸುಳ್ಳು ಅಂತ ಹೇಳಬೇಕಾತು. ಅವ ಕೇಳಿ ಕೇಳಿ ನಕ್ಕ, ಹಂಗಾದ್ರ ನನ್ನ ದೃಷ್ಟಿನೂ ಅಲ್ಲಪ ಅದು ಅಂದ. ಅವಗ ಅದೂ ಗೊತ್ತಿತ್ತು ನೋಡ್ರಿ, ನಾ ದಂಟಿನ ಹೊರಿಯಾಗ ಕೋಲು ಮುಚ್ಚಿ ಒಯ್ಯೂದು. ಇಬ್ಬರು, ನಾವು ಅವತ್ತೇ ತಿಳ್ಕೊಂಡಿದ್ದಿವಿ, ನಿನ್ನ ಸಿಟ್ಟಿಗಿ ಅಂಜಿ ಹೂಂ ಅಂದಿವಿ ಅಂದ್ರು. ಒಬ್ಬ ಪುಣೇಕ ದುಡಿಯಾಕ ಹೋಗಿದ್ದ, ಅವಗ ಕಾಗದ ಬರದೆ. ನಾಕನೇ ಇಯತ್ತೆ ತನಕ ಕಲಿತ ಸಾಲಿ ಅವತ್ತು ಕೆಲಸಕ್ಕ ಬಂತು. ಹಿಂಗ ಆರು ಮಂದಿ ಆದ್ರು. ಏಳನೇವ ತೀರಿಕೊಂಡಿದ್ದ. ಅವನ ಹೆಂಡ್ತಿಗಿ ಹೇಳಿದೆ. ಆಕಿ ಸೆರಗು ಬಾಯಿಗಿ ಹಿಡ್ಕೊಂಡು ಕೇಳಿದಳು. ನಮ್ಮವರು ಸಾಯೂತನಕ ಕೊಳಕೂರ ಮಂದಿ ಮನಿಯಾಗ ನೀರು ಕುಡೀಲಿಲ್ಲಣ್ಣಾ, ನಿನ್ನ ಮಾತಿಗೇ ಕುಡೀಲಿಲ್ಲ ಅಂದಳು.   ಸೋಮವಾರ ಗುಡಿಗಿ ಹೋದಾಗ ಅವನ ಹೆಸರಿಲೇ ಒಂದು ಕಾಯಿ ಒಡಸ್ತೇನಿ. ಅದು ಅವಗ ಮುಟ್ತದೋ ಇಲ್ಲೋ.

ಪಂಚಮಿ ನಾಕು ದಿನಾ ಅದ ಅನ್ನೂದ್ರಾಗ ಮಲ್ಕಪ್ಪ ಬಂದ. ಶೇಂಗಾ ಉಂಡಿ, ಅಳ್ಳು, ಕುಬಸದ ಅರಿವಿ. ನನಗ ಬರೇ ಆರಾಮ ಮಾವಾ ಅಂದ, ಅಷ್ಟೇ. ನಿಮ್ಮಜ್ಜಿ ಚೀಲ ಮೊದಲೇ ತಯಾರಿತ್ತು. ಯಾರು ಹೇಳಿದ್ರು ಆಕಿಗಿ ಅಂತ ನನಗ ಜರಾ ಗುಮಾನಿ ಬಂತು, ನುಂಗಿಕೊಂಡೆ. ಬಸ್ಸಿಗಿ ಕಳಸಾಕ ಹೋದೆ. ಮಲ್ಕಪ್ಪ ಮುಂದ ಹೋಗಿ ಜಾಗಾ ಹಿಡದ. ಹತ್ತೂಕಿಂತ ಮೊದಲ ಆಕಿಗಿ ಕೇಳಿದೆ, ಅವತ್ತೇ ಹೇಳಿದ್ದಿ ನೀ, ಗಟ್ಟಿ ಆಗಲಂತ ಸುತ್ಯಾನಂತ. ಮತ್ತ ಒಂಬತ್ತು ವರ್ಷ ಯಾಕ ಸುಮ್ಮನಿದ್ದಿ, ಇನ್ನೊಮ್ಮೆ ಯಾಕ ಹೇಳಲಿಲ್ಲ?

ಆಕಿ ಚೀಲ ಬಗಲಿಗಿ ಏರಿಸಿಕೊಂಡಳು. “ಒಮ್ಮೆ ಹೇಳಿದ್ದೆನಲ್ಲರಿ. ಇನ್ನೊಮ್ಮೆ ಹೇಳಿದ್ರ ಅದಕ್ಕೂ ಬ್ಯಾರೆ ಅರ್ಥ ಹಚ್ಚತಿದ್ರಿ” ಅಂದಳು, ಬಸ್ಸು ಹತ್ತಿದಳು.

ಒಲಿ ಮುಂದ ಕುಂತಾಕಿ ಮಾತು ನಂಬಲಿಲ್ಲ ನಾ, ಗುರ್ತು ಪರಿಚಯ ಇಲ್ಲದ ಬಜಾರದ ಮುದುಕಿ ಮಾತು ನಂಬಿದೆ. ಅದಕ್ಕ ಹೇಳ್ತೇನಿ, ಮನಿ ಮಂದಿ ಖರೆ ಮಾತು ಒಂದೇ ಸರ್ತಿ ಹೇಳ್ತಾರ, ಅದೂ ಬ್ಯಾರೆ ಕೆಲಸದಾಗ ಇದ್ದಾಗ. ಆವಾಗೇ ಕೇಳಿಸ್ಕೋಬೇಕು. ಈಗ ಪಲ್ಲವೀ, ಕೋಲಿಗಿ ಏನಾತಂತ ತಮ್ಮಗ ಕೇಳು, ಅವ ಹೇಳಿದ್ದು ಕೇಳಿಸ್ಕೋ.